ನಮ್ಮ ಓಣಿ ಎಲ್ಲೈತ್ರಿ ಸರ್?

ಕಳೆದ ಮಳೆಗಾಲದ ಮಾತು. ರಾತ್ರಿ ಹನ್ನೊಂದೂವರೆ ದಾಟಿತ್ತು. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಬಾಗಿಲು ತಟ್ಟಿದರು. ಅವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ನಾನು ಹಾಸನದವನು. ಪುಣೆಯ ಈ ಯೆರವಡಾದಲ್ಲಿ ನಮ್ಮಿಬ್ಬರನ್ನೂ ಕೂಡಿಸಿದ್ದು ಕನ್ನಡವೊಂದೇ. ಅವರ ತಾಯಿಗೆ ಉಸಿರು ಕಟ್ಟುತ್ತಿತ್ತಂತೆ. ಫೋನ್ ಮಾಡಿ ಆಂಬುಲೆನ್ಸ್ ಕರೆಸಿದ್ದರು. ಗಾಡಿ ದೊಡ್ಡ ರಸ್ತೆಯವರೆಗೂ ಬಂದಿತ್ತು. ಆದರೆ ಡ್ರೈವರನ ಮೊಬೈಲಿನಲ್ಲಿ ಇವರ ಓಣಿಯ ಜಾಗ ಖಾಲಿ. ಯಾವ ಸಂದಿಯಲ್ಲಿ ನುಗ್ಗಬೇಕೆಂದು ತಿಳಿಯದೆ ಅವನು ಅಲ್ಲೇ ನಿಂತಿದ್ದ. ಕೊನೆಗೆ ನಾವು ನಾಲ್ಕು ಜನ ಆ ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕಾಲಡಿ ಹರಿಯುವ ಮಳೆನೀರಿನಲ್ಲಿ ರಸ್ತೆಯವರೆಗೆ ಹೊತ್ತೊಯ್ದೆವು. ಅಜ್ಜಿ ಉಳಿದರು. ಮೂರು ದಿನ ಬಿಟ್ಟು ವಾಚ್‌ಮನ್ ತಮ್ಮ ಮೊಬೈಲ್ ಹಿಡಿದು ಬಂದು ಕೇಳಿದರು: "ಇದರಾಗ ಜೈಲಿನ ಗ್ವಾಡಿ ಸುದ್ದಾ ಐತಿ. ನಮ್ಮ ಓಣಿ ಎಲ್ಲೈತ್ರಿ ಸರ್?"

ಯೆರವಡಾ ಗೊತ್ತಿಲ್ಲದವರಿಗೆ ಎರಡು ಮಾತು. ಮುಳಾ-ಮುಠಾ ನದಿಯ ಆಚೆ ದಡದ ಊರು ಇದು. 1871ರಲ್ಲಿ ಕಟ್ಟಿದ ಸೆಂಟ್ರಲ್ ಜೈಲು ಇಲ್ಲಿದೆ. 1932ರಲ್ಲಿ ಗಾಂಧೀಜಿ ಉಪವಾಸ ಕೂತದ್ದು, ಪುಣೆ ಒಪ್ಪಂದ ಆದದ್ದು ಈ ಗೋಡೆಗಳ ಒಳಗೇ. ನಗರ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಕಸ್ತೂರಬಾ ತೀರಿಕೊಂಡ ಆಗಾಖಾನ್ ಅರಮನೆ. ಈಗ ಐಟಿ ಪಾರ್ಕುಗಳಿವೆ, 2024ರಿಂದ ಮೆಟ್ರೋ ನಿಲ್ದಾಣವೂ ಇದೆ. ಇವೆಲ್ಲದರ ನಡುವೆ ತಗಡಿನ ಸೂರಿನ ಸಾವಿರಾರು ಮನೆಗಳು. ನಕ್ಷೆಗಳಲ್ಲಿ ಮೊದಲಿನವೆಲ್ಲ ಬೇಗ ಸಿಗುತ್ತವೆ, ಕೊನೆಯವು ಸಿಗುವುದಿಲ್ಲ.

ಹದಿನೈದು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವನಿಗೆ ಒಂದು ಓಣಿ ಬಿಡಿಸುವುದು ಯಾವ ಮಹಾ ಕೆಲಸ ಅಂದುಕೊಂಡು ಕೂತೆ. ನಾನು ಆರಿಸಿಕೊಂಡದ್ದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಶುರುಮಾಡಿದ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವನಕ್ಷೆ ಇದು. ವಿಕಿಪೀಡಿಯದಂತೆ ಅಂದುಕೊಳ್ಳಿ, ಬರಹದ ಬದಲು ರಸ್ತೆ, ಕೆರೆ, ಮನೆ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ, ಜಗತ್ತಿನ ಎಲ್ಲೆಲ್ಲೋ ಕೂತ ಸ್ವಯಂಸೇವಕರು ರಾಜಧಾನಿಯ ಬೀದಿಗಳನ್ನು ಕೆಲವೇ ದಿನಗಳಲ್ಲಿ ಇದರಲ್ಲಿ ಬಿಡಿಸಿಕೊಟ್ಟರು, ಪರಿಹಾರ ತಂಡಗಳು ಅದನ್ನೇ ಬಳಸಿದವು. ಆ ಆಂಬುಲೆನ್ಸ್ ಡ್ರೈವರನ ಆ್ಯಪ್ ಇದನ್ನು ಬಳಸುತ್ತದೆ ಎಂದು ನಾನು ಹೇಳಲಾರೆ. ಆದರೆ ಎಷ್ಟೋ ಆ್ಯಪ್‌ಗಳು ಇದರ ದತ್ತಾಂಶದ ಮೇಲೆ ನಿಂತಿವೆ, ಮತ್ತು ನನ್ನ ಕೈಯಾರೆ ತಿದ್ದಬಹುದಾದ ನಕ್ಷೆ ಇದು.

ತಿದ್ದಲು ಎರಡು ದಾರಿ. ಬ್ರೌಸರಿನಲ್ಲೇ ತೆರೆದುಕೊಳ್ಳುವ 'ಐಡಿ' ಎಂಬ ಸರಳ ಸಂಪಾದಕ ಒಂದು. ಕಂಪ್ಯೂಟರಿಗೆ ಇಳಿಸಿಕೊಳ್ಳುವ 'ಜೋಸ್ಮ್' ಇನ್ನೊಂದು; ಜಾವಾದಲ್ಲಿ ಬರೆದದ್ದು, ಹಳೆಯದು, ನೋಡಲು ಒರಟು. ನಾನೋ ಐಟಿಯವನು, ಜಂಬ ಬಿಡಬೇಕಲ್ಲ, ಜೋಸ್ಮ್ ಹಾಕಿಕೊಂಡೆ.

ಈ ನಕ್ಷೆಯಲ್ಲಿ ಇರುವುದು ಮೂರೇ ಬಗೆಯ ವಸ್ತುಗಳು. ಬಿಂದು, ಅಂದರೆ ನೋಡ್. ಬಿಂದುಗಳನ್ನು ಪೋಣಿಸಿದ ಗೆರೆ, ಅಂದರೆ ವೇ. ಗೆರೆ ತಿರುಗಿ ಬಂದು ತನ್ನ ಮೊದಲ ಬಿಂದುವನ್ನೇ ಸೇರಿದರೆ ಅದು ಮನೆಯೋ ಮೈದಾನವೋ ಆಗಬಹುದು. ಮೂರನೆಯದು ಇವುಗಳ ಗುಂಪು, ರಿಲೇಶನ್; ಒಂದು ಬಸ್ ಮಾರ್ಗದಲ್ಲಿ ಹತ್ತಾರು ರಸ್ತೆತುಂಡುಗಳು ಸೇರುವಂತೆ. ಪ್ರತಿಯೊಂದಕ್ಕೂ ಚೀಟಿ ಅಂಟಿಸಬೇಕು: ಇದು ರಸ್ತೆ, ಇದು ಕಟ್ಟಡ, ಇದರ ಹೆಸರು ಇಂಥದ್ದು ಎಂದು. ಚೀಟಿಯಿಲ್ಲದ ಗೆರೆ ಬರೀ ಗೆರೆ.

ಇಷ್ಟು ಓದಿಕೊಂಡು ಒಂದು ಭಾನುವಾರ ಕೂತೆ. ಮೊದಲ ಹತ್ತು ನಿಮಿಷದಲ್ಲೇ ಒಂದು ಇಡೀ ರಸ್ತೆಯನ್ನು ನದಿಗೆ ಹಾಕಿದೆ. ಆದದ್ದಿಷ್ಟು. ಮೊಬೈಲಿನಲ್ಲಿ, ಬ್ರೌಸರಿನಲ್ಲಿ ನಾವೆಲ್ಲ ನಕ್ಷೆಯನ್ನು ಹಿಡಿದೆಳೆದು ಸರಿಸುತ್ತೇವೆ. ಜೋಸ್ಮ್‌ನಲ್ಲಿ ನಕ್ಷೆ ಸರಿಸಲು ಮೌಸಿನ ಬಲ ಬಟನ್. ಎಡ ಬಟನ್ ಒತ್ತಿ ಎಳೆದರೆ, ಅದರ ಕೆಳಗೆ ಸಿಕ್ಕ ವಸ್ತು ಆಯ್ಕೆಯಾಗಿ ತಾನೇ ಸರಿಯುತ್ತದೆ. ನಾನು ನಕ್ಷೆ ಸರಿಸುತ್ತಿದ್ದೇನೆಂದುಕೊಂಡು ರಸ್ತೆ ಎಳೆದಿದ್ದೆ. ಪುಣ್ಯಕ್ಕೆ ಅದೆಲ್ಲ ನನ್ನ ಕಂಪ್ಯೂಟರಿನಲ್ಲಷ್ಟೇ ಇತ್ತು. ಅಪ್‌ಲೋಡ್ ಮಾಡುವವರೆಗೆ ಜಗತ್ತಿಗೆ ಕಾಣುವುದಿಲ್ಲ. ಕಂಟ್ರೋಲ್ ಜೆಡ್ ಒತ್ತಿ ರಸ್ತೆಯನ್ನು ದಡ ಸೇರಿಸಿದೆ.

ಆಮೇಲೆ ತಿದ್ದುವುದನ್ನು ಬಿಟ್ಟು ಎರಡು ದಿನ ಬರೀ ಆಯ್ಕೆ ಮಾಡುವುದನ್ನೇ ಕಲಿತೆ. ಕಲಿಯಹೊರಟವರಿಗೆ ಉಪಯೋಗವಾದೀತೆಂದು ಬರೆಯುತ್ತೇನೆ. 'ಎಸ್' ಕೀಲಿ ಒತ್ತಿದರೆ ಆಯ್ಕೆಯ ಸ್ಥಿತಿ, 'ಎ' ಒತ್ತಿದರೆ ಬಿಡಿಸುವ ಸ್ಥಿತಿ. ಕ್ಲಿಕ್ ಮಾಡಿದ ವಸ್ತು ಕೆಂಪಾಗುತ್ತದೆ. ಶಿಫ್ಟ್ ಹಿಡಿದು ಕ್ಲಿಕ್ಕಿಸಿದರೆ ಮೊದಲಿನದರ ಜೊತೆ ಇನ್ನೊಂದು ಸೇರುತ್ತದೆ. ಖಾಲಿ ಜಾಗದಿಂದ ಎಳೆದು ಚೌಕ ಹಾಕಿದರೆ, ಪೂರ್ತಿ ಅದರೊಳಗೆ ಬಿದ್ದವು ಮಾತ್ರ ಆಯ್ಕೆಯಾಗುತ್ತವೆ. ಒಂದರ ಮೇಲೊಂದು ವಸ್ತುಗಳಿದ್ದರೆ ಆಲ್ಟ್ ಹಿಡಿದು ಮತ್ತೆ ಮತ್ತೆ ಕ್ಲಿಕ್ಕಿಸಬೇಕು, ಒಂದಾದ ಮೇಲೊಂದು ಸಿಗುತ್ತದೆ. ಕೆಂಪಾದದ್ದು ಬಿಂದುವೋ ಇಡೀ ಗೆರೆಯೋ ಎಂದು ಪಕ್ಕದ ಪಟ್ಟಿಯಲ್ಲಿ ನೋಡಿಯೇ ಮುಂದಿನ ಕೀಲಿ ಮುಟ್ಟಬೇಕು. ಒಂದು ಮೂಲೆ ಸರಿಪಡಿಸಲು ಹೋಗಿ ಇಡೀ ಮನೆಯನ್ನೇ ಸರಿಸುವುದು ಹೊಸಬರೆಲ್ಲರೂ ಮಾಡುವ ತಪ್ಪು.

ಇಷ್ಟು ಬಂದಮೇಲೆ ಉಪಗ್ರಹ ಚಿತ್ರ ಹಿನ್ನೆಲೆಗಿಟ್ಟುಕೊಂಡು ಓಣಿ ಬಿಡಿಸಿದೆ. ಗೂಗಲ್ ನಕ್ಷೆ ನೋಡಿ ನಕಲು ಮಾಡುವಂತಿಲ್ಲ. ಜೋಸ್ಮ್‌ನಲ್ಲಿ ಅನುಮತಿಯಿರುವ ಚಿತ್ರಗಳೇ ಪಟ್ಟಿಯಲ್ಲಿರುತ್ತವೆ. ದೊಡ್ಡ ರಸ್ತೆಯಿಂದ ಒಳಗೆ, ಎರಡು ತಿರುವು, ಕೊನೆಗೆ ಒಂದು ಗಿಡ. ಅಪ್‌ಲೋಡ್ ಒತ್ತಿದಾಗ ಏನೋ ಎಚ್ಚರಿಕೆಯ ಪಟ್ಟಿ ಬಂತು. ನಾವು ಸಾಫ್ಟ್‌ವೇರಿನವರು ಎಚ್ಚರಿಕೆಗಳನ್ನು ಹೇಗೆ ಓದುತ್ತೇವೋ ಹಾಗೇ ಓದಿ, 'ಮುಂದುವರಿಸು' ಒತ್ತಿದೆ. ಮಾರನೆಯ ದಿನ ವಾಚ್‌ಮನ್ ಮೊಬೈಲಿಗೆ ಈ ನಕ್ಷೆ ಬಳಸುವ ಆ್ಯಪ್ ಹಾಕಿಕೊಟ್ಟೆ. ಓಣಿ ಕಂಡು ಅವರಿಗೆ ಹಿಗ್ಗೋ ಹಿಗ್ಗು. ಕೆಲ ದಿನ ಬಿಟ್ಟು ಆ್ಯಪ್ ಹೊಸ ದತ್ತಾಂಶ ಇಳಿಸಿಕೊಂಡಮೇಲೆ, ಪಾರ್ಸೆಲ್ ಹಂಚುವ ಅವರ ಅಳಿಯ ದೊಡ್ಡ ರಸ್ತೆಯಿಂದ ಮನೆಗೆ ದಾರಿ ಕೇಳಿದ. ಆ್ಯಪ್ ಅವನನ್ನು ಓಣಿಯ ಬಾಯಿ ದಾಟಿಸಿ, ಇನ್ನೊಂದು ಬದಿಯ ರಸ್ತೆಗೆ ಸುತ್ತುಹಾಕಿಸಿ, ಹಿತ್ತಿಲ ಗೋಡೆಯ ಹತ್ತಿರ ಬಿಟ್ಟು 'ತಲುಪಿದಿರಿ' ಅಂದಿತು.

ಓಣಿ ನಕ್ಷೆಯಲ್ಲಿದೆ, ರಸ್ತೆಯೂ ಇದೆ, ಒಂದಕ್ಕೊಂದು ತಾಗಿಯೂ ಇವೆ. ಮತ್ತೇನು ತಪ್ಪು? ರಾತ್ರಿ ಕೂತು ಆ ಕೂಡುಜಾಗವನ್ನು ಹಿಗ್ಗಿಸುತ್ತಾ ಹೋದೆ. ನನ್ನ ಓಣಿಯ ಕೊನೆಯ ಬಿಂದು ದೊಡ್ಡ ರಸ್ತೆಯ ಗೆರೆಗಿಂತ ಒಂದು ಗೇಣು ಹಿಂದೆ ನಿಂತಿತ್ತು. ಕಣ್ಣಿಗೆ ಕೂಡಿದಂತೆ ಕಂಡರೆ ಸಾಲದು. ಎರಡು ಗೆರೆಗಳಿಗೂ ಒಂದೇ ಬಿಂದು ಸಮಾನವಾಗಿ ಇರಬೇಕು. ಇಲ್ಲದಿದ್ದರೆ ದಾರಿ ಹುಡುಕುವ ಲೆಕ್ಕಾಚಾರಕ್ಕೆ ಅಲ್ಲಿ ಗೋಡೆಯಿದ್ದಂತೆ. ನಾನು ಓದದೆ ದಾಟಿಸಿದ ಎಚ್ಚರಿಕೆ ಹೇಳಿದ್ದು ಅದನ್ನೇ. ಬಿಂದುವನ್ನು ರಸ್ತೆಯ ಗೆರೆಯ ಮೇಲಕ್ಕೆ ಸರಿಸಿ, ಆಯ್ಕೆ ಮಾಡಿ, 'ಜೆ' ಒತ್ತಿದೆ. ಬಿಂದು ರಸ್ತೆಗೆ ಗಂಟುಬಿತ್ತು. ಒಂದು ಕೀಲಿಯ ಕೆಲಸ. ಆದರೆ ಆ ದಿನಗಳ ನಡುವೆ ಇನ್ನೊಂದು ಮಳೆರಾತ್ರಿ ಬಂದಿದ್ದರೆ, ನನ್ನ ನಕ್ಷೆ ಖಾಲಿ ನಕ್ಷೆಗಿಂತ ಹೆಚ್ಚು ಮೋಸ ಮಾಡುತ್ತಿತ್ತು. ಖಾಲಿ ಜಾಗ ಕಂಡರೆ ಮನುಷ್ಯ ಇಳಿದು ಕೇಳುತ್ತಾನೆ, ಗೆರೆ ಕಂಡರೆ ನಂಬುತ್ತಾನೆ. ಈ ಮಾತು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ.

ಮುಂದಿನ ಭಾನುವಾರ ವಾಚ್‌ಮನ್ ಜೊತೆ ಓಣಿಯೊಳಗೆ ನಡೆದೆ. ನಾನು ಮೇಲಿನಿಂದ ನೋಡಿ ಒಂದೇ ದೊಡ್ಡ ಕಟ್ಟಡವೆಂದು ಬಿಡಿಸಿದ್ದ ತಗಡಿನ ಕೆಳಗೆ ಒಂಬತ್ತು ಮನೆಗಳಿದ್ದವು. ಕೊನೆಯ ಗಿಡದ ಹತ್ತಿರ ಓಣಿ ಮುಗಿಯುವುದಿಲ್ಲ. ಮೂರು ಅಡಿಯ ಸಂದಿಯಾಗಿ ನಲ್ಲಿಯವರೆಗೆ ಹೋಗುತ್ತದೆ, ಅಲ್ಲಿ ಸೈಕಲ್ ಕೂಡ ನುಗ್ಗದು. ಅದನ್ನು ರಸ್ತೆಯೆಂದು ಗುರುತಿಸಿದರೆ ತಪ್ಪು, ಕಾಲುದಾರಿ ಎಂದೇ ಚೀಟಿ ಹಚ್ಚಬೇಕು. ಯಾವ ಉಪಗ್ರಹವೂ ಇದನ್ನು ಹೇಳದು.

ನಾನು ಬರೆದುಕೊಳ್ಳುವುದನ್ನು ಕಂಡು ಬಾಗಿಲಲ್ಲಿ ನಿಂತ ಒಬ್ಬ ಹೆಂಗಸು ಕೇಳಿದರು: "ಇದೆಲ್ಲಾ ಬರಕೊಂಡು ಹೋಗಿ ನಮ್ಮ ಮನಿ ಒಡಸ್ತೀರೇನು?" ನನ್ನ ಪೆನ್ನು ನಿಂತಿತು. ಆ ಭಯ ಸುಳ್ಳಲ್ಲ. ನಕ್ಷೆ ಹಿಡಿದು ಬಂದವರೆಲ್ಲ ಒಳ್ಳೆಯದಕ್ಕೇ ಬಂದಿಲ್ಲ ಎನ್ನುವುದು ಇಂಥ ಓಣಿಗಳಿಗೆ ಗೊತ್ತು. ಹಾಗಂತ ಅಳತೆಯಿಂದ ಒಳ್ಳೆಯದಾದದ್ದೂ ಇದೇ ಯೆರವಡಾದಲ್ಲಿದೆ. 2005ರಲ್ಲಿ ಶುರುವಾದ ಜವಾಹರಲಾಲ್ ನೆಹರು ನಗರ ನವೀಕರಣ ಯೋಜನೆಯಡಿ ಇಲ್ಲಿನ ಕೆಲವು ಬಸ್ತಿಗಳಲ್ಲಿ, ಜನರನ್ನು ದೂರಕ್ಕೆ ಸಾಗಿಸದೆ ಅವರಿದ್ದ ಜಾಗದಲ್ಲೇ ಕಚ್ಚಾ ಮನೆಗಳನ್ನು ಪಕ್ಕಾ ಮಾಡಿದರು. ಒಂದೊಂದು ಮನೆ ಸುಮಾರು 270 ಚದರ ಅಡಿ. ಮಹಿಳಾ ಮಿಲನ್‌ನ ಹೆಂಗಸರು, ಸ್ಪಾರ್ಕ್ ಸಂಸ್ಥೆ, ವಾಸ್ತುಶಿಲ್ಪಿ ಪ್ರಸನ್ನ ದೇಸಾಯಿ ಅದರಲ್ಲಿದ್ದರು. ಯಾರ ಮನೆ ಎಲ್ಲಿ, ಎಷ್ಟು ಎಂದು ಮೊದಲು ಗುರುತಾಗದಿದ್ದರೆ ಆ ಕೆಲಸ ಆಗುತ್ತಿರಲಿಲ್ಲ.

ಆದರೂ ನಾನೊಬ್ಬ ಹೊರಗಿನವನು. ನಿರ್ಧಾರ ನನ್ನದಲ್ಲ. ವಾಚ್‌ಮನ್ ನಾಲ್ಕು ಮನೆಯವರನ್ನು ಕಟ್ಟೆಗೆ ಕರೆದರು. ಏನು ಹಾಕಬೇಕು, ಏನು ಬೇಡ ಎಂದು ಅರ್ಧ ಗಂಟೆ ಮಾತಾಯಿತು. ಓಣಿ ಇರಲಿ, ನಲ್ಲಿ ಇರಲಿ, ಶೌಚಾಲಯ ಇರಲಿ, ಮನೆಗಳ ಆಕಾರ ಇರಲಿ. ಯಾರ ಮನೆ ಯಾವುದು ಎಂಬ ಹೆಸರು ಬೇಡ. ಹೆಸರು ಹಾಕಬಾರದೆಂಬುದು ಓಪನ್‌ಸ್ಟ್ರೀಟ್‌ಮ್ಯಾಪ್‌ನ ರೂಢಿಯೂ ಹೌದು. ಆ ಹೆಂಗಸು ಕಡೆಗೆ ಅಂದದ್ದು ಇಷ್ಟೇ: "ನೀರಿನ ಟ್ಯಾಂಕರ್‌ನವಂಗ ದಾರಿ ತಿಳೀಲಿ. ಸಾಕು."

ಅಂದು ಸಂಜೆ ಆ ದೊಡ್ಡ ಕಟ್ಟಡವನ್ನು ಬಿಡಿಸಿ ಒಂಬತ್ತು ಮನೆ ಮಾಡಿದೆ. ಹಳೆಯದನ್ನು ಅಳಿಸಲಿಲ್ಲ, ಅದನ್ನೇ ಕಿರಿದು ಮಾಡಿ ಮೊದಲ ಮನೆಗೆ ಉಳಿಸಿಕೊಂಡೆ. ಅಳಿಸಿ ಹೊಸದು ಬಿಡಿಸಿದರೆ ಯಾರು ಯಾವಾಗ ತಿದ್ದಿದರೆಂಬ ಅದರ ಚರಿತ್ರೆಯ ಎಳೆ ತುಂಡಾಗುತ್ತದೆ. ಪಕ್ಕಪಕ್ಕದ ಮನೆಗಳಿಗೆ ಗೋಡೆ ಒಂದೇ, ಹಾಗಾಗಿ ಬಿಂದುಗಳೂ ಒಂದೇ. ಒಂದು ಮನೆಯ ಮೂಲೆ ಎಳೆದರೆ ನೆರೆಮನೆಯ ಮೂಲೆಯೂ ಜೊತೆಗೆ ಬರುತ್ತದೆ. ಬೇರೆಯಾಗಿಸಬೇಕಿದ್ದ ಒಂದೇ ಕಡೆ 'ಜಿ' ಒತ್ತಿ ಬಿಡಿಸಿದೆ; ಉಳಿದ ಗೋಡೆಗಳು ನಿಜಕ್ಕೂ ಒಂದೇ ಇದ್ದವು, ಹಾಗೇ ಬಿಟ್ಟೆ. ಓಣಿಯ ಬಾಯಲ್ಲಿ ಮರಾಠಿ ಫಲಕವಿದೆ. ಹೆಸರಿನ ಜಾಗದಲ್ಲಿ ಫಲಕದಲ್ಲಿರುವುದನ್ನೇ ಬರೆಯಬೇಕು, ನಮಗೆ ಬೇಕಾದದ್ದನ್ನಲ್ಲ. ಆದರೆ ಅದೇ ಹೆಸರನ್ನು ಬೇರೆ ಭಾಷೆಗಳಲ್ಲೂ ಸೇರಿಸಬಹುದು, ಕನ್ನಡಕ್ಕೆ 'ನೇಮ್ ಕೋಲನ್ ಕೆಎನ್' ಎಂಬ ಕೀಲಿಯಿದೆ. ವಾಚ್‌ಮನ್ ಅಕ್ಷರ ಹೇಳಿದರು, ನಾನು ಒತ್ತಿದೆ. ಈ ಸಲ ಎಚ್ಚರಿಕೆಯ ಪಟ್ಟಿಯ ಒಂದೊಂದು ಸಾಲನ್ನೂ ಓದಿ, ಸರಿಪಡಿಸಿ, ಏನು ಮಾಡಿದೆನೆಂದು ಎರಡು ಸಾಲು ಬರೆದು ಅಪ್‌ಲೋಡ್ ಮಾಡಿದೆ.

ಎರಡು ವಾರ ಬಿಟ್ಟು ಅವರ ಅಳಿಯ ಮತ್ತೆ ದಾರಿ ಕೇಳಿದ. ಆ್ಯಪ್ ನೇರವಾಗಿ ಓಣಿಯೊಳಗೆ ಕರೆದುಕೊಂಡು ಹೋಯಿತು. ನಲ್ಲಿಯ ಸಂದಿಗೆ ಬೈಕ್ ಕಳಿಸಲಿಲ್ಲ. ಅಜ್ಜಿ ಕಟ್ಟೆಯ ಮೇಲೆ ಕೂತು ನಮ್ಮ ಸಂಭ್ರಮ ನೋಡಿ, "ನಾ ಇಲ್ಲೇ ಇದ್ದೆನಲ್ಲೋ ಮೂವತ್ತು ವರ್ಷದಿಂದ" ಅಂದರು.

ಮೊನ್ನೆ ವಾಚ್‌ಮನ್ ಇನ್ನೊಂದು ಕೆಲಸ ಹಚ್ಚಿದ್ದಾರೆ. ಇಂಡಿ ತಾಲೂಕಿನ ತಮ್ಮ ಊರಿನ ನಕ್ಷೆ ತೆರೆಸಿ ನೋಡಿದರು. ಒಂದು ರಸ್ತೆ, ಒಂದು ಹೆಸರು, ಅಷ್ಟೇ ಇತ್ತು. ಬೆರಳಿಟ್ಟು ಹೇಳತೊಡಗಿದರು: ಇದು ಅಗಸಿ, ಇಲ್ಲಿ ಬಾವಿ, ಇದು ಸಾಲಿ. ಆದರೆ ಅವರು ಊರು ಬಿಟ್ಟು ಬಹಳ ವರ್ಷವಾಯಿತು, ಬಾವಿ ಈಗಲೂ ಇದೆಯೋ ಗೊತ್ತಿಲ್ಲ. ದೀಪಾವಳಿಗೆ ಹೋದಾಗ ನಡೆದು ನೋಡಿ ಬಂದು ಹೇಳುತ್ತಾರಂತೆ, ಆಮೇಲೆ ಬಿಡಿಸುತ್ತೇವೆ. ನಾನೂ ಅವತ್ತೇ ರಾತ್ರಿ ಹಾಸನದ ನಮ್ಮ ಬೀದಿ ತೆರೆದೆ. ನಾನು ಸೈಕಲ್ ಕಲಿತ ಅಡ್ಡರಸ್ತೆ ಅಲ್ಲಿರಲಿಲ್ಲ.

ನೀವು ಈಗ ಎಲ್ಲೇ ಇರಿ, ನಿಮ್ಮೂರಿನ ನಕ್ಷೆಯನ್ನು ಒಮ್ಮೆ ತೆರೆದು ನೋಡಿ. ತಕ್ಷಣ ತಿದ್ದಬೇಡಿ. ಊರಲ್ಲಿರುವ ಯಾರಿಗಾದರೂ ಫೋನ್ ಮಾಡಿ ಕೇಳಿ.