ಕ್ಯಾನ್ಸರ್ ರೋಗಿಗೆ ಪಥ್ಯವೆಂದರೆ ಉಪವಾಸವಲ್ಲ

ಕೆಲವು ತಿಂಗಳ ಹಿಂದೆ ೫೮ ವರ್ಷದ ರೈತರೊಬ್ಬರನ್ನು ಅವರ ಮಕ್ಕಳು ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಜಠರದ ಕ್ಯಾನ್ಸರಿಗೆ ನಗರದ ಆಸ್ಪತ್ರೆಯಲ್ಲಿ ಕೀಮೋಥೆರಪಿ ನಡೆದಿತ್ತು. ೬೦ ಕಿಲೋ ಇದ್ದವರು ನಾಲ್ಕು ತಿಂಗಳಲ್ಲಿ ೫೦ಕ್ಕೆ ಇಳಿದಿದ್ದರು. ನಿಶ್ಶಕ್ತಿಯ ಕಾರಣದಿಂದ ವೈದ್ಯರು ಮುಂದಿನ ಚಿಕಿತ್ಸೆಯನ್ನು ಮುಂದೂಡಿದ್ದರು. ವಿಚಾರಿಸಿದಾಗ, ಮನೆಯವರು ಹಾಲು, ಮೊಸರು, ತುಪ್ಪ, ಬೇಳೆ ಎಲ್ಲವನ್ನೂ ಬಿಡಿಸಿ ಮೂರು ಹೊತ್ತೂ ತಿಳಿಗಂಜಿ ಕೊಡುತ್ತಿದ್ದುದು ತಿಳಿಯಿತು. “ಉಂಡರ ಗಡ್ಡಿ ಬೆಳಿತೈತಂತಲ್ರೀ ಡಾಕ್ಟರೇ” ಎಂದರು ಹಿರಿಯ ಮಗ.

ಪ್ರೀತಿಯಿಂದ ಮಾಡಿದ ತಪ್ಪಿದು. ಆಹಾರ ಬಿಡಿಸಿದರೆ ಗಡ್ಡೆ ಕರಗುವುದಿಲ್ಲ; ರೋಗಿಯ ಮಾಂಸಖಂಡಗಳು ಕರಗುತ್ತವೆ. ಸಾಮಾನ್ಯ ಉಪವಾಸದಲ್ಲಿ ದೇಹವು ಹೆಚ್ಚಾಗಿ ಕೊಬ್ಬನ್ನು ಬಳಸಿ ಮಾಂಸವನ್ನು ಉಳಿಸಿಕೊಳ್ಳಲು ಯತ್ನಿಸುತ್ತದೆ. ಕ್ಯಾನ್ಸರಿನಲ್ಲಿ ಉಂಟಾಗುವ ಉರಿಯೂತವು ಹಸಿವನ್ನು ಅಡಗಿಸುವುದರ ಜೊತೆಗೆ ಮಾಂಸವನ್ನೂ ಕ್ಷಯಿಸುತ್ತದೆ. ಆಧುನಿಕ ವೈದ್ಯವು ಇದನ್ನು ‘ಕ್ಯಾಕೆಕ್ಸಿಯಾ’ ಎನ್ನುತ್ತದೆ. ಆಯುರ್ವೇದದಲ್ಲಿ ಇದಕ್ಕೆ ಸಮೀಪವಾದ ವರ್ಣನೆ ‘ಮಾಂಸಕ್ಷಯ’. ಪೃಷ್ಠ, ಕುತ್ತಿಗೆ ಮತ್ತು ಉದರ ಒಣಗುವುದನ್ನು ಚರಕಾಚಾರ್ಯರು ಅದರ ಲಕ್ಷಣವೆಂದು ಹೇಳಿದ್ದಾರೆ. ಮಾಂಸ ಕಳೆದುಕೊಂಡ ರೋಗಿಗೆ ಕೀಮೋಥೆರಪಿಯ ದುಷ್ಪರಿಣಾಮಗಳು ಹೆಚ್ಚು; ಶಸ್ತ್ರಚಿಕಿತ್ಸೆಯ ಬಳಿಕದ ಚೇತರಿಕೆಯೂ ನಿಧಾನ.

ಗುರುತಿಸುವುದು ಹೇಗೆ?

ಪ್ರತಿ ವಾರ ತೂಕ ನೋಡಿರಿ. ಪ್ರಯತ್ನವಿಲ್ಲದೆಯೇ ಆರು ತಿಂಗಳಲ್ಲಿ ಶೇ. ೫ಕ್ಕಿಂತ ಹೆಚ್ಚು, ಅಂದರೆ ೬೦ ಕಿಲೋ ಇದ್ದವರು ೩ ಕಿಲೋಗಿಂತ ಹೆಚ್ಚು, ಇಳಿದರೆ ಎಚ್ಚರ ವಹಿಸಬೇಕು. ಬಾವು ಅಥವಾ ಬೊಜ್ಜು ಇದ್ದಲ್ಲಿ ತೂಕವು ಮಾಂಸಕ್ಷಯವನ್ನು ಮರೆಮಾಚಬಹುದು. ಆದ್ದರಿಂದ ಬಲವನ್ನೂ ಪರೀಕ್ಷಿಸಬೇಕು. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ೧೫ ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಸ್ನಾಯುಬಲ ಕುಂದಿದೆ ಎಂದರ್ಥ.

ಏನು ಕೊಡಬೇಕು?

ರೋಗಿಯ ತೂಕದ ಪ್ರತಿ ಕಿಲೋಗೆ ದಿನಕ್ಕೆ ೧ರಿಂದ ೧.೫ ಗ್ರಾಂ ಪ್ರೊಟೀನ್ ಬೇಕು. ೫೦ ಕಿಲೋ ಇದ್ದವರಿಗೆ ೫೦ರಿಂದ ೭೫ ಗ್ರಾಂ. ಸಸ್ಯಾಹಾರದಲ್ಲಿಯೇ ಇದು ಸಾಧ್ಯ. ಎರಡು ಲೋಟ ಹಾಲು-ಮೊಸರಿನಿಂದ ಸುಮಾರು ೧೩ ಗ್ರಾಂ, ೬೦ ಗ್ರಾಂ ಬೇಳೆಯಿಂದ ೧೩ ಗ್ರಾಂ, ಒಂದು ಹಿಡಿ ಶೇಂಗಾದಿಂದ ೭ ಗ್ರಾಂ ದೊರೆಯುತ್ತದೆ. ಉಳಿದುದನ್ನು ರೊಟ್ಟಿ, ಅನ್ನ, ಪನೀರು, ಸೋಯಾ ತುಂಬುತ್ತವೆ. ಗಂಜಿಯನ್ನೇ ಕೇಳಿದರೆ ಅದರಲ್ಲಿ ಹೆಸರುಬೇಳೆ ಬೇಯಿಸಿ, ತುಪ್ಪ ಬೆರೆಸಿರಿ. ಎರಡೆರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ, ಆಗತಾನೇ ತಯಾರಿಸಿದ್ದನ್ನು ಕೊಡಿರಿ. ಮಧುಮೇಹ ಅಥವಾ ಮೂತ್ರಪಿಂಡದ ರೋಗವಿದ್ದರೆ, ನುಂಗಲು ಕಷ್ಟವಾದರೆ, ಆಸ್ಪತ್ರೆಯ ಆಹಾರತಜ್ಞರ ಸಲಹೆ ಅಗತ್ಯ. ಅಂತಿಮ ಹಂತದ ರೋಗಿಗೆ ಮಾತ್ರ ಬಲವಂತ ಸಲ್ಲದು, ಬೇಡಿದಷ್ಟೇ ಸಾಕು.

ಆಹಾರದೊಡನೆ ಚಲನೆಯೂ ಇರಬೇಕು. ಶಕ್ತ್ಯನುಸಾರ ಅಂಗಳದಲ್ಲಿ ನಡೆಯುವುದು, ಕುರ್ಚಿಯಿಂದ ಎದ್ದು ಕೂರುವುದು ಸ್ನಾಯುಗಳನ್ನು ಕಾಪಾಡುತ್ತವೆ.

ಆಯುರ್ವೇದ ವೈದ್ಯನಾಗಿಯೇ ಒಂದು ಮಾತು ಹೇಳುತ್ತೇನೆ. ಕೀಮೋಥೆರಪಿ ನಡೆಯುತ್ತಿರುವಾಗ ಕ್ಯಾನ್ಸರ್ ತಜ್ಞರಿಗೆ ತಿಳಿಸದೆ ಯಾವ ಕಷಾಯ, ಭಸ್ಮ, ಲೇಹ್ಯವನ್ನೂ ಸೇವಿಸಬಾರದು. ನಡೆಯುತ್ತಿರುವ ಚಿಕಿತ್ಸೆಯನ್ನು ಬಿಡಲೂಬಾರದು.

ಆ ರೈತರ ತೂಕ ಆರು ವಾರಗಳಲ್ಲಿ ಹೆಚ್ಚೇನೂ ಏರಲಿಲ್ಲ. ಆದರೆ ಇಳಿಯುವುದು ನಿಂತಿತು, ಮುಂದೂಡಿದ್ದ ಚಿಕಿತ್ಸೆ ಮತ್ತೆ ಆರಂಭವಾಯಿತು. ಅಡುಗೆಮನೆಯಿಂದ ನಾವು ಮಾಡಬಹುದಾದ ಸಹಾಯ ಇದೇ.