ಪೈ ಅಂದ್ರ 3.14 ಅಲ್ಲೇನು ಮಾಮಾ?

ಸದಾಶಿವ ಪೇಠದಲ್ಲಿ ಗಲ್ಲಿಗೊಂದು ‘ಅಭ್ಯಾಸಿಕಾ’ ಇದೆ. ಸ್ಪರ್ಧಾತ್ಮಕ ಪರೀಕ್ಷೆಗೆಂದು ಊರೂರಿಂದ ಬಂದ ಹುಡುಗ ಹುಡುಗಿಯರು ತಿಂಗಳ ಬಾಡಿಗೆ ಕೊಟ್ಟು ಅಲ್ಲೊಂದು ಕುರ್ಚಿ ಹಿಡಿದು ಓದುತ್ತಾರೆ. ಕಳೆದ ಜುಲೈನಿಂದ ನನ್ನ ಮನೆಯೂ ಒಂದು ಅಭ್ಯಾಸಿಕಾ ಆಗಿದೆ. ಕುರ್ಚಿ ಒಂದೇ, ಬಾಡಿಗೆ ಇಲ್ಲ.

ಭಾವನಿಗೆ ಪುಣೆಗೆ ವರ್ಗವಾಯಿತು. ಧಾರವಾಡದಲ್ಲಿ ಕನ್ನಡ ಮಾಧ್ಯಮದಲ್ಲೇ ಎಸ್ಸೆಸ್ಸೆಲ್ಸಿ ಮುಗಿಸಿದ್ದ ಅಕ್ಕನ ಮಗಳು ಇಲ್ಲಿ ಹನ್ನೊಂದನೆಯ ಸೈನ್ಸ್ ಸೇರಿದಳು. ಕಾಲೇಜು ನನ್ನ ಮನೆಗೆ ಹತ್ತಿರ, ಅವರ ಮನೆಗೆ ಬಲು ದೂರ. ಹಾಗಾಗಿ ಸಂಜೆ ಭಾವ ಬಂದು ಕರೆದೊಯ್ಯುವ ತನಕ ನಮ್ಮಲ್ಲೇ ಇರುತ್ತಾಳೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನೂರಕ್ಕೆ 94 ತೆಗೆದವಳು ಇಲ್ಲಿನ ಮೊದಲ ಕಿರು ಪರೀಕ್ಷೆಯಲ್ಲಿ 25ಕ್ಕೆ 6 ತಂದಳು. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕಾಮರ್ಸ್‌ಗೆ ಹೋಗುತ್ತೇನೆ ಎಂದಳಂತೆ. ಅಕ್ಕ ಫೋನ್ ಮಾಡಿ, “ನೀನ ಏನರ ಹೇಳಿ ನೋಡಪ್ಪಾ. ನಮ್ಮ ಮಾತು ಕೇಳವಲ್ಲಳು” ಎಂದಳು.

ಮಹಾರಾಷ್ಟ್ರದ ಹನ್ನೊಂದನೆಯ ಗಣಿತ ಪುಸ್ತಕದ ಮೊದಲ ಅಧ್ಯಾಯವೇ ಕೋನ ಮತ್ತು ಅದರ ಅಳತೆ. ಅದರಲ್ಲಿ ಡಿಗ್ರಿ ಬಿಟ್ಟು ರೇಡಿಯನ್ ಎಂಬ ಹೊಸ ಮಾನ ಬರುತ್ತದೆ. ಪುಸ್ತಕ ತೆರೆದು ಕೂತೆವು. ಎಂ.ಟೆಕ್ ಮಾಡಿದವನ ಗತ್ತಿನಲ್ಲಿ ನಾನು, “ಭಾಳ ಸರಳ ಅದ. ಪೈ ಅಂದ್ರ 180. ಅಷ್ಟು ನೆನಪಿಟ್ಟರ ಸಾಕು” ಎಂದೆ.

“ಪೈ ಅಂದ್ರ 3.14 ಅಲ್ಲೇನು ಮಾಮಾ? ಅದು 180 ಹೆಂಗಾತು?”

ಬಾಯಿ ತೆರೆದೆ, ಉತ್ತರ ಬರಲಿಲ್ಲ. ಹದಿನೈದು ವರ್ಷ ನಾನು ಈ ಪರಿವರ್ತನೆ ಮಾಡುತ್ತಲೇ ಬಂದಿದ್ದೇನೆ, ಅದು ಯಾಕೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಪರದೆಯ ಮೇಲೆ ಒಂದು ಚಿತ್ರವನ್ನು 30 ಡಿಗ್ರಿ ತಿರುಗಿಸುವ ಕೋಡ್ ಬರೆದಿದ್ದೆ. ಸೈನ್ 30 ಅಂದರೆ ಅರ್ಧ ಎಂದು ಶಾಲೆಯಲ್ಲಿ ಕಲಿತದ್ದು. ಕಂಪ್ಯೂಟರ್ ಮಾತ್ರ ಮೈನಸ್ 0.988 ಎಂದಿತು. ಅದು 30 ಎಂಬುದನ್ನು 30 ರೇಡಿಯನ್ ಎಂದು ಓದಿಕೊಂಡಿತ್ತು. ಯಾರೋ ಬರೆದಿಟ್ಟ ‘ಪೈ ಭಾಗಿಸು 180’ ಎಂಬ ಸಾಲನ್ನು ಎತ್ತಿ ಹಾಕಿದೆ, ಚಿತ್ರ ಸರಿಯಾಗಿ ತಿರುಗಿತು, ನಾನೂ ಮುಂದೆ ನಡೆದೆ. ಈಗ ಹದಿನಾರರ ಹುಡುಗಿ ಹಿಡಿದು ನಿಲ್ಲಿಸಿದ್ದಳು.

“ನಾಳೆ ಹೇಳ್ತೀನಿ” ಎಂದು ತಪ್ಪಿಸಿಕೊಂಡೆ. ರಾತ್ರಿ ಕೂತು ಯೋಚಿಸಿದೆ.

ಮರುದಿನ ಊಟದ ತಟ್ಟೆಯನ್ನು ಹಳೆಯ ಪತ್ರಿಕೆಯ ಮೇಲೆ ಬೋರಲಿಟ್ಟು ಗೆರೆ ಎಳೆದು ದುಂಡಗೆ ಕತ್ತರಿಸಿದೆವು. ಎರಡು ಸಲ ಮಡಿಸಿ ಬಿಚ್ಚಿದರೆ ಮಡಿಕೆಗಳು ಕೂಡುವಲ್ಲಿ ಕೇಂದ್ರ. ಕೇಂದ್ರದಿಂದ ಅಂಚಿನವರೆಗೆ ದಾರ ಹಿಡಿದು ಕತ್ತರಿಸಿದೆವು. ಅದೇ ತ್ರಿಜ್ಯ. ಆ ದಾರವನ್ನು ಅಂಚಿನ ಗುಂಟ ಬಾಗಿಸಿ ಇಟ್ಟು, ಅದರ ಎರಡೂ ತುದಿಗಳಿಂದ ಕೇಂದ್ರಕ್ಕೆ ಗೆರೆ ಎಳೆದರೆ ಆಗುವ ಕೋನವೇ ಒಂದು ರೇಡಿಯನ್. ಕೋನಮಾಪಕ ಇಟ್ಟು ನೋಡಿದಳು: 57 ಡಿಗ್ರಿಗಿಂತ ಒಂದು ಚೂರು ಹೆಚ್ಚು. ನಿಖರವಾಗಿ ಹೇಳುವುದಾದರೆ 57.3ರ ಹತ್ತಿರ.

ದಾರವನ್ನು ಅಂಚಿಗೆ ಸುತ್ತ ಇಡುತ್ತ ಹೋದಳು. ಒಂದು, ಎರಡು, ಮೂರು. ಅರ್ಧ ವೃತ್ತಕ್ಕೆ ಇನ್ನೂ ಸ್ವಲ್ಪ ಬಾಕಿ. ಆ ಸ್ವಲ್ಪ ಎಂದರೆ ದಾರದ ಏಳನೇ ಒಂದು ಭಾಗದಷ್ಟು. ಅಂದರೆ ಮೂರು ದಾರ, ಮೇಲೆ 0.14. ಕೈ ಅಲ್ಲೇ ನಿಂತಿತು. “ಇದ 3.14!” ಎಂದಳು. ಪೈ ಎನ್ನುವುದು 180 ಆಗುವುದೇ ಇಲ್ಲ. ಪೈ ಯಾವಾಗಲೂ 3.14 ಚಿಲ್ಲರೆಯೇ. ಅರ್ಧ ಸುತ್ತನ್ನು ಡಿಗ್ರಿಯಲ್ಲಿ ಎಣಿಸಿದರೆ 180 ಬರುತ್ತದೆ, ತ್ರಿಜ್ಯದ ದಾರದಲ್ಲಿ ಎಣಿಸಿದರೆ 3.14. ಒಂದೇ ಸೀರೆಯನ್ನು ಗಜದಲ್ಲೂ ಮೊಳದಲ್ಲೂ ಅಳೆದ ಹಾಗೆ. ನಾನು ಹಿಂದಿನ ದಿನ ಹೇಳಿದ್ದೇ ತಪ್ಪು.

ಡಬ್ಬಿಯ ಮುಚ್ಚಳ, ಹಿಟ್ಟು ಕಲಸುವ ಪರಾತ ಎಲ್ಲದರ ಮೇಲೂ ಪ್ರಯೋಗ ಆಯಿತು. ವೃತ್ತ ದೊಡ್ಡದಾದರೆ ದಾರವೂ ಉದ್ದವಾಗುತ್ತದೆ, ಕೋನ ಮಾತ್ರ ಅದೇ. 360 ಎಂಬುದು ಮನುಷ್ಯರು ಆರಿಸಿಕೊಂಡ ಸಂಖ್ಯೆ. ರೇಡಿಯನ್‌ನಲ್ಲಿ ವೃತ್ತ ತನ್ನನ್ನು ತಾನೇ ಅಳೆದುಕೊಳ್ಳುತ್ತದೆ.

ಇಷ್ಟಾದ ಮೇಲೆ ಸೂತ್ರಗಳಿಗೆ ಬಾಯಿಪಾಠ ಬೇಕಾಗಲಿಲ್ಲ. ಕಂಸದ ಉದ್ದ ಎಂದರೆ ತ್ರಿಜ್ಯ ಗುಣಿಸು ಕೋನ, ಅಷ್ಟೇ. ಎಷ್ಟು ದಾರ ಹಿಡಿಯುತ್ತದೋ ಅಷ್ಟು ರೇಡಿಯನ್ ತಾನೇ? ಪುಣೆ ಒಂದು ಕಾಲಕ್ಕೆ ಸೈಕಲ್ಲುಗಳ ಊರು. ಆ ಲೆಕ್ಕವನ್ನೇ ಮಾಡಿದೆವು. ಗಾಲಿಯ ತ್ರಿಜ್ಯ 35 ಸೆಂ.ಮೀ. ಇದ್ದರೆ, ಗಾಲಿ ಒಂದು ರೇಡಿಯನ್ ತಿರುಗಿದಾಗ ಸೈಕಲ್ 35 ಸೆಂ.ಮೀ. ಮುಂದೆ ಹೋಗುತ್ತದೆ. ಹತ್ತು ರೇಡಿಯನ್‌ಗೆ ಮೂರೂವರೆ ಮೀಟರ್.

ತ್ರಿಜ್ಯಾಂತರ ಖಂಡದ ವಿಸ್ತೀರ್ಣಕ್ಕೆ ಹೋಳಿಗೆ (ಇಲ್ಲಿನವರ ಪುರಣಪೋಳಿ). ಹೋಳಿಗೆಯ ತ್ರಿಜ್ಯ 10 ಸೆಂ.ಮೀ. ಅಂದುಕೊಳ್ಳಿ. ಒಂದು ರೇಡಿಯನ್‌ನ ತುಂಡು ಕತ್ತರಿಸಿದರೆ ಎರಡು ನೇರ ಬದಿ, ಒಂದು ಬಾಗಿದ ಬದಿ, ಮೂರೂ 10 ಸೆಂ.ಮೀ. ವಿಸ್ತೀರ್ಣ ತ್ರಿಜ್ಯದ ವರ್ಗದ ಅರ್ಧ, ಅಂದರೆ 50 ಚದರ ಸೆಂ.ಮೀ. ಕೋನ ಎರಡು ರೇಡಿಯನ್ ಆದರೆ 100. ಇದನ್ನೇ ಡಿಗ್ರಿಯಲ್ಲಿ ಮಾಡಲು ಹೋದರೆ 360, ಪೈ ಎಲ್ಲ ನಡುವೆ ಬಂದು ಕಾಲಿಗೆ ತೊಡರುತ್ತವೆ.

ಹುಣ್ಣಿಮೆಯ ಹತ್ತಿರದ ದಿನ. ಟೆರೇಸಿಗೆ ಹೋಗಿ ಚಂದ್ರನನ್ನೂ ಅಳೆದೆವು. ಚಂದ್ರ ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲ ಕಾಣುತ್ತಾನೆ, ಅಂದರೆ ಸುಮಾರು 0.009 ರೇಡಿಯನ್. ದೂರ ಸುಮಾರು 3,84,000 ಕಿ.ಮೀ. ಗುಣಿಸಿದರೆ 3,456 ಕಿ.ಮೀ. ಪುಸ್ತಕದಲ್ಲಿರುವ ಚಂದ್ರನ ವ್ಯಾಸ 3,474. ಮೊಬೈಲಿನಲ್ಲಿ ಅದನ್ನು ನೋಡಿ ಅವಳು ನಕ್ಕಳು. ಆ ವಾರದಲ್ಲಿ ಮೊದಲ ಸಲ.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಮಾತ್ರ ಬೇರೆಯದು. ಇವಳ ನಿಜವಾದ ಅಂಜಿಕೆ ಗಣಿತದ್ದಲ್ಲ. ರೇಡಿಯಸ್, ಆರ್ಕ್, ಸೆಕ್ಟರ್ ಎಂದು ಮೇಷ್ಟ್ರು ಇಂಗ್ಲಿಷಿನಲ್ಲಿ ಓಡಿಸಿದಾಗ, ತಾನು ಕಲಿತ ತ್ರಿಜ್ಯ, ಕಂಸ ಎಲ್ಲ ಕೆಲಸಕ್ಕೆ ಬಾರದ ಸಾಮಾನು ಎನಿಸಿತ್ತು. ನಿಜ ನೋಡಿದರೆ ಉತ್ತರ ಆ ಪದದಲ್ಲೇ ಇದೆ. ಜ್ಯಾ ಎಂದರೆ ಬಿಲ್ಲಿನ ಹೆದೆ. ನಮ್ಮ ಹಳೆಯ ಜ್ಯೋತಿರ್ಗಣಿತದಲ್ಲಿ ಅರ್ಧ ಹೆದೆಯನ್ನೇ ಜ್ಯಾ ಎಂದು ಕರೆದು ಬಳಸಿದರು. ಇವತ್ತಿನ ಸೈನ್ ಅದರ ಮೊಮ್ಮಗ. ಮೂರು ರಾಶಿ, ಅಂದರೆ 90 ಡಿಗ್ರಿ, ದಾಟಿದಾಗ ಈ ಜ್ಯಾ ಅತಿ ದೊಡ್ಡದಾಗಿ ವೃತ್ತದ ಅರ್ಧ ವ್ಯಾಸಕ್ಕೆ ಸಮವಾಗುತ್ತದೆ. ಮೂರು ರಾಶಿಯ ಜ್ಯಾ, ಅದಕ್ಕೇ ತ್ರಿಜ್ಯಾ.

ಕ್ರಿ.ಶ. 499ರ ಆರ್ಯಭಟೀಯದಲ್ಲಿ ಜ್ಯಾಗಳ ಪಟ್ಟಿ ಇದೆ. ವೃತ್ತದ ಸುತ್ತಳತೆ 360 ಡಿಗ್ರಿ, ಡಿಗ್ರಿಗೆ 60 ಕಲೆ, ಒಟ್ಟು 21,600 ಕಲೆ. ತ್ರಿಜ್ಯವನ್ನೂ ಅದೇ ಕಲೆಯಲ್ಲೇ ಅಳೆದರೆ 3,438. ಅದನ್ನು 60ರಿಂದ ಭಾಗಿಸಿ ನೋಡಿ: 57.3. ನಮ್ಮ ದಾರ ತೋರಿಸಿದ ಕೋನ! ಅಂಚಿಗೂ ತ್ರಿಜ್ಯಕ್ಕೂ ಒಂದೇ ಅಳತೆಗೋಲು ಇರಲಿ ಎನ್ನುವುದೇ ರೇಡಿಯನ್‌ನ ತಿರುಳು. ಪಟ್ಟಿಯ ಮೊದಲ ಸಾಲಿನಲ್ಲಿ 225 ಕಲೆಯ ಕಂಸಕ್ಕೆ ಜ್ಯಾ ಕೂಡ 225. ಚಿಕ್ಕ ಕೋನದಲ್ಲಿ ಕಂಸವೂ ಹೆದೆಯೂ ಹೆಚ್ಚು ಕಡಿಮೆ ಒಂದೇ. ರೇಡಿಯನ್‌ನಲ್ಲಿ ಹೇಳಿದರೆ ಸೈನ್ ಮತ್ತು ಕೋನ ಒಂದೇ ಸಂಖ್ಯೆ. ಕಂಪ್ಯೂಟರ್ ಡಿಗ್ರಿ ಬಿಟ್ಟು ರೇಡಿಯನ್ ಕೇಳುವುದೂ ಇದಕ್ಕೇ. ಸೈನ್ ಲೆಕ್ಕ ಹಾಕುವ ಸೂತ್ರಗಳು ಆ ಮಾನದಲ್ಲೇ ಸಲೀಸು.

1150ರಲ್ಲಿ ಸಿದ್ಧಾಂತ ಶಿರೋಮಣಿ ಬರೆದ ಭಾಸ್ಕರಾಚಾರ್ಯರೂ 3,438ನ್ನೇ ಬಳಸಿದರು. ಅವರು ನಮ್ಮ ವಿಜಯಪುರದ ಕಡೆಯವರೆಂದು ನಾವು, ಚಾಳೀಸಗಾಂವ ಬಳಿಯ ಪಾಟಣದವರೆಂದು ಇಲ್ಲಿನವರು. ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಈ ವಾದಕ್ಕೆ ಇಳಿದರೆ ಸಂಜೆ ಮುಗಿದೇ ಹೋಗುತ್ತದೆ, ಅನುಭವದಿಂದ ಹೇಳುತ್ತಿದ್ದೇನೆ. ರೇಡಿಯನ್ ಎಂಬ ಹೆಸರು ಮಾತ್ರ ತೀರಾ ಈಚಿನದು. 1873ರಲ್ಲಿ ಬೆಲ್‌ಫಾಸ್ಟ್‌ನ ಕ್ವೀನ್ಸ್ ಕಾಲೇಜಿನಲ್ಲಿ ಜೇಮ್ಸ್ ಥಾಮ್ಸನ್ ಎಂಬ ಪ್ರಾಧ್ಯಾಪಕರು ತೆಗೆದ ಪ್ರಶ್ನೆಪತ್ರಿಕೆಯಲ್ಲಿ ಅದು ಮೊದಲು ಅಚ್ಚಾಯಿತು. “ಆ ಪರೀಕ್ಷಾಕ್ಕ ಕುಂತ ಹುಡುಗ್ರ ಗತಿ ಏನಾಗಿರಬೇಕು” ಎಂದಳು ನಮ್ಮ ಹುಡುಗಿ.

ಮರಾಠಿ ಮಾಧ್ಯಮದಿಂದ ಬಂದ ಗೆಳತಿಯೊಬ್ಬಳಿಗೂ ತರಗತಿಯಲ್ಲಿ ಇದೇ ಪಾಡಂತೆ. ಮರಾಠಿಯಲ್ಲೂ ಅದು ತ್ರಿಜ್ಯಾ, ಅದು ಕಂಸ. ಅವಳು ಶನಿವಾರ ಮನೆಗೆ ಬಂದಾಗ ಇಬ್ಬರೂ ನನ್ನ ಅಡುಗೆಮನೆಯ ಮುಚ್ಚಳಗಳನ್ನೆಲ್ಲ ಹಾಸಿಕೊಂಡು ಕೂತರು. ಒಬ್ಬಳದು ಮುರುಕು ಮರಾಠಿ, ಇನ್ನೊಬ್ಬಳಿಗೆ ಕನ್ನಡ ಬಾರದು, ತ್ರಿಜ್ಯ ಮಾತ್ರ ಇಬ್ಬರದೂ.

ಎರಡನೇ ಪರೀಕ್ಷೆಯಲ್ಲಿ 25ಕ್ಕೆ 15 ಬಂದಿದೆ. ಕಾಮರ್ಸ್ ಮಾತನ್ನು ದೀಪಾವಳಿಗೆ ಮುಂದೂಡಲಾಗಿದೆ ಎಂದು ಅಕ್ಕ ತಿಳಿಸಿದಳು. ಈ ವಾರ ಲೋಕಸ್ ಎಂಬ ಹೊಸ ಅಧ್ಯಾಯ ಶುರುವಾಗಿದೆ. ನಿನ್ನೆ ಬಂದವಳು ಚೀಲ ಕೆಳಗಿಡುವ ಮೊದಲೇ, “ಮಾಮಾ, ಕನ್ನಡದಾಗ ಅದಕ್ಕ ಬಿಂದುಪಥ ಅಂತಾರ. ನಾನ ಹುಡುಕೀನಿ. ನಿನಗ ಗೊತ್ತಿತ್ತೇನು?” ಎಂದಳು.

ಗೊತ್ತಿರಲಿಲ್ಲ.