ಕಂಪ್ಯೂಟರಿನ ಸೆಕೆಯೂ ಮನೆಯ ನಿದ್ರೆಯೂ

ನಮ್ಮ ಪುಂಜಾಲಕಟ್ಟೆಯು ಬಂಟ್ವಾಳಕ್ಕೂ ಬೆಳ್ತಂಗಡಿಗೂ ನಡುವೆ, ಮಂಗಳೂರಿನಿಂದ ಚಾರ್ಮಾಡಿ ಘಾಟಿಗೆ ಹೋಗುವ ಹೆದ್ದಾರಿಯ ಮೇಲಿರುವ ಸಣ್ಣ ಪೇಟೆಯು. ಹಗಲಿನಲ್ಲಿ ಲಾರಿ ಬಸ್ಸುಗಳ ಗದ್ದಲವೆಷ್ಟೇ ಇದ್ದರೂ, ಪೇಟೆಯಿಂದ ಒಳಗಿರುವ ನಮ್ಮ ಮನೆಯಲ್ಲಿ ರಾತ್ರಿ ಹತ್ತು ಗಂಟೆಯ ಮೇಲೆ ಜೀರುಂಡೆಯ ಸದ್ದನ್ನುಳಿದು ಬೇರೊಂದು ಕೇಳಿಸುತ್ತಿರಲಿಲ್ಲ. ಹೀಗಿರಲಾಗಿ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ನಮ್ಮ ಕಿರಿಯ ಮಗನು, ಮನೆಯಿಂದಲೇ ಕೆಲಸಮಾಡಲು ಅನುಮತಿ ದೊರೆತುದರಿಂದ, ಕಳೆದ ಫಾಲ್ಗುಣದಲ್ಲಿ ಊರಿಗೆ ಬಂದನು. ಅವನೊಡನೆ ಆಟದ ಕಂಪ್ಯೂಟರೊಂದೂ ಬಂದಿತು. ಹಗಲು ಅದರಲ್ಲಿ ಅವನ ಉದ್ಯೋಗ. ರಾತ್ರಿ, ದೂರದೂರುಗಳಲ್ಲಿರುವ ಸ್ನೇಹಿತರನ್ನು ಕೂಡಿಕೊಂಡು ಆಟ.

ಆಟದ ವಿಷಯದಲ್ಲಿ ನಮಗೆ ತಕರಾರಿಲ್ಲ. ರಾತ್ರಿಯಿಡೀ ಬಯಲಾಟ ನೋಡಿ ಬೆಳಗ್ಗೆ ತರಗತಿಯಲ್ಲಿ ತೂಕಡಿಸಿದವರು ನಾವು. ಆದರೆ ಆಟವಾರಂಭವಾಗಿ ಕಾಲು ಗಂಟೆಯೊಳಗೆ ಆ ಪೆಟ್ಟಿಗೆಯು ಅಕ್ಕಿಯ ಗಿರಣಿಯಂತೆ ಮೊರೆಯತೊಡಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಮಲಗುವ ನಮ್ಮ ತಾಯಿಯವರಿಗೆ 84 ವರ್ಷ. ನಿದ್ರೆಯು ಮೊದಲೇ ತೆಳುವಾದುದು. ಎರಡು ವಾರಗಳಲ್ಲಿ ಅವರ ಮುಖವು ಬಾಡಿತು. ಇದನ್ನು ಕಂಡು ಮಗನು, “ಅಪ್ಪಾ, ನಾನು ಬೆಂಗಳೂರಿಗೇ ಹೋಗುತ್ತೇನೆ. ಅಜ್ಜಿಗೆ ನಿದ್ರೆಯಾದರೂ ಬರಲಿ” ಎಂದನು. ಆರು ವರ್ಷಗಳ ಮೇಲೆ ಮನೆಯಲ್ಲಿ ನಿಂತ ಮಗನು ನಾಲ್ಕು ಫ್ಯಾನುಗಳ ಸದ್ದಿನ ದೆಸೆಯಿಂದ ಹೊರಟುಹೋಗುವುದೆಂದರೆ ಏನು! ಆ ರಾತ್ರಿ ನಮಗೂ ನಿದ್ರೆ ಬರಲಿಲ್ಲ.

ಮರುದಿನ ನಾವು ಮಾಡಿದ ಉಪಾಯವನ್ನು ಹೇಳಲು ನಾಚಿಕೆಯಾಗುತ್ತದೆ. ಆದರೂ ಅನೇಕ ಗೃಹಸ್ಥರು ಅದನ್ನೇ ಮಾಡುವರಾದುದರಿಂದ ಹೇಳುತ್ತೇವೆ. ಹಿರಿಯರ ಕಾಲದ ಹಲಸಿನ ಮರದ ಕಪಾಟೊಂದು ಮನೆಯಲ್ಲಿತ್ತು. ಪೆಟ್ಟಿಗೆಯನ್ನು ಅದರೊಳಗಿರಿಸಿ ಬಾಗಿಲು ಮುಚ್ಚಿದೆವು. ಸ್ವಲ್ಪ ಹೊತ್ತು ಮೌನವೇ ಮೌನ. ಅನಂತರ ಮುಚ್ಚಿದ ಬಾಗಿಲೊಳಗಿಂದಲೇ ಹಿಂದಿಗಿಂತಲೂ ದೊಡ್ಡ ಮೊರೆತವು ಹೊರಟಿತು. ಪರದೆಯ ಮೇಲೆ ಆಟವು ಕುಂಟತೊಡಗಿತು. ಬಾಗಿಲು ತೆರೆದರೆ ಬತ್ತ ಬೇಯಿಸುವ ಒಲೆಯ ಮುಂದೆ ಬಗ್ಗಿದಂತೆ ಮುಖಕ್ಕೆ ಬಿಸಿಗಾಳಿಯು ಬಡಿಯಿತು. ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡಿನ ಉಷ್ಣತೆಯು 87 ಡಿಗ್ರಿಗೇರಿತ್ತು.

ಕಾರಣವು ಸರಳವಾದುದು. ಕಂಪ್ಯೂಟರು ನುಂಗುವ ವಿದ್ಯುತ್ತು ಹೆಚ್ಚುಕಡಿಮೆ ಎಲ್ಲವೂ ಕಡೆಗೆ ಶಾಖವಾಗಿಯೇ ಪರಿಣಮಿಸುವುದು. ನಮ್ಮ ಮಗನ ಯಂತ್ರದಲ್ಲಿ ಗ್ರಾಫಿಕ್ಸ್ ಕಾರ್ಡೊಂದೇ 170 ವ್ಯಾಟಿನದು. ಪ್ರಾಸೆಸರು 65 ವ್ಯಾಟಿನದು. ಉಳಿದುದೆಲ್ಲ ಸೇರಿ ಆಟದ ವೇಳೆಯಲ್ಲಿ ಸುಮಾರು 300 ವ್ಯಾಟು. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಶರೀರದಿಂದ ಹೊರಡುವ ಶಾಖವು ಸುಮಾರು 100 ವ್ಯಾಟು. ಎಂದಮೇಲೆ ಮೂವರನ್ನು ಕಪಾಟಿನೊಳಗೆ ಕೂಡಿಹಾಕಿ ಬಾಗಿಲು ಮುಚ್ಚಿದಂತಾಯಿತು. 1946ರಲ್ಲಿ ಅಮೆರಿಕದಲ್ಲಿ ಲೋಕಕ್ಕೆ ತೋರಿಸಲ್ಪಟ್ಟ ಎನಿಯಾಕ್ ಎಂಬ ಗಣಕಯಂತ್ರದಲ್ಲಿ ಸುಮಾರು 18,000 ವಾಲ್ವುಗಳಿದ್ದು, ಅದು 150 ಕಿಲೋವ್ಯಾಟು ವಿದ್ಯುತ್ತನ್ನು ನುಂಗುತ್ತಿದ್ದಿತು; ಅದನ್ನು ತಣಿಸುವುದಕ್ಕೂ ದೊಡ್ಡ ಊದುಯಂತ್ರಗಳೇ ಬೇಕಾದುವು. ಯಂತ್ರವು ಕೋಣೆಯಿಂದ ಮೇಜಿಗಿಳಿದರೂ ಈ ಋಣವು ತೀರಿಲ್ಲ. ಶಾಖವು ಮಿತಿಮೀರಿದರೆ ಪ್ರಾಸೆಸರೂ ಕಾರ್ಡೂ ತಮ್ಮ ರಕ್ಷಣೆಗಾಗಿ ತಾವೇ ವೇಗವನ್ನು ತಗ್ಗಿಸಿಕೊಳ್ಳುವುವು. ಆಟವು ಕುಂಟಿದ್ದು ಅದರಿಂದಲೇ.

ನಾವು ಕಲಿತ ತರ್ಕಶಾಸ್ತ್ರದಲ್ಲಿ ಶಬ್ದವು ಆಕಾಶದ ಗುಣವೆಂದು ಹೇಳಿದೆ. ಈ ಪೆಟ್ಟಿಗೆಯಲ್ಲಿ ಮಾತ್ರ ಶಬ್ದವು ಉಷ್ಣದ ಮೊಮ್ಮಗುವು: ಶಾಖ ಹೆಚ್ಚಿದರೆ ಫ್ಯಾನಿನ ವೇಗವೇರುವುದು, ವೇಗವೇರಿದರೆ ಸದ್ದು ಹುಟ್ಟುವುದು. ಸದ್ದನ್ನು ಮುಚ್ಚಿಡಹೋದರೆ ಶಾಖವೂ ಒಳಗೇ ನಿಂತು ಇನ್ನಷ್ಟು ಸದ್ದನ್ನು ಹೆರುವುದು. ತಂಪೂ ಮೌನವೂ ಒಂದಕ್ಕೊಂದು ವಿರೋಧಿಗಳೆಂದು ತಿಳಿದಿದ್ದೆವು. ಅವು ಒಂದೇ ಕೆಲಸದ ಎರಡು ಹೆಸರುಗಳು.

ಇದನ್ನು ತಿಳಿದ ಮೇಲೆ ಪೆಟ್ಟಿಗೆಯನ್ನು ಹೊರತೆಗೆದು, ಅಪ್ಪ ಮಗ ಇಬ್ಬರೂ ಒಂದು ಭಾನುವಾರವನ್ನು ಅದಕ್ಕೆ ಮೀಸಲಿಟ್ಟೆವು. ಗಾಳಿಯು ಎತ್ತಣಿಂದ ಎತ್ತ ಹರಿಯುತ್ತದೆಂಬುದನ್ನು ಮೊದಲು ನೋಡಬೇಕು. ಗಾಳಿಗೆ ರೂಪವಿಲ್ಲ, ಊದುಬತ್ತಿಯ ಹೊಗೆಗೆ ಇದೆ. ಬತ್ತಿಯನ್ನು ಹಚ್ಚಿ ಪೆಟ್ಟಿಗೆಯ ಸುತ್ತ ಹಿಡಿದೆವು. ಮುಂದಿನ ಎರಡು ಫ್ಯಾನುಗಳು ಹೊಗೆಯನ್ನು ಒಳಗೆಳೆದುವು, ಅದು ಸರಿ. ಹಿಂದಿನ ಫ್ಯಾನೂ ಒಳಗೇ ಎಳೆಯಿತು! ಯಂತ್ರವನ್ನು ಜೋಡಿಸಿದವರು ಅದನ್ನು ತಿರುಗುಮುರುಗಾಗಿ ಕೂಡಿಸಿದ್ದರು. ಮೂರು ಬಾಗಿಲುಗಳಿಂದ ಜನ ಒಳನುಗ್ಗಿ ಹೊರಹೋಗಲು ಬಾಗಿಲೇ ಇಲ್ಲದ ಮದುವೆಮನೆಯಂತಾಗಿತ್ತು ಒಳಗಿನ ಸ್ಥಿತಿ. ಫ್ಯಾನಿನ ಒಂದು ಮಗ್ಗುಲಲ್ಲಿ ನಡುವಿನ ಮೋಟಾರನ್ನು ಹಿಡಿದಿರುವ ಅಡ್ಡಪಟ್ಟಿಗಳಿರುತ್ತವಷ್ಟೆ. ಸಾಮಾನ್ಯವಾಗಿ ಗಾಳಿಯು ಆ ಮಗ್ಗುಲಿಂದ ಹೊರಬೀಳುವುದು. ನಾಲ್ಕು ತಿರುಪುಗಳನ್ನು ಬಿಚ್ಚಿ ತಿರುಗಿಸಿ ಕೂಡಿಸಿದ ಮಾತ್ರಕ್ಕೆ ಕಾರ್ಡಿನ ಉಷ್ಣತೆಯು ಏಳು ಡಿಗ್ರಿ ಇಳಿಯಿತು. ಕಾಸು ಖರ್ಚಿಲ್ಲ.

ನಮ್ಮ ಹಂಚಿನ ಮನೆಗಳ ಮರ್ಮವೂ ಇದೇ ಅಲ್ಲವೇ? 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಜಿಲ್ಲೆಯಲ್ಲಿ ಹರಡಿದ ಹಂಚಿನ ಮಾಡು, ಸಂದುಗಳಿಂದ ಬಿಸಿಗಾಳಿಯನ್ನು ಮೇಲಕ್ಕೆ ಬಿಡುವುದು. ಕೆಳಗಿನ ಕಿಟಕಿಯಿಂದ ತಂಗಾಳಿ ಬರುವುದು. ಕಂಪ್ಯೂಟರಿಗೂ ತಂಪು ಮುಂದಿನಿಂದ ಕೆಳಗಡೆ ಬರಬೇಕು, ಬಿಸಿ ಹಿಂದಿನಿಂದ ಮೇಲುಗಡೆ ಹೋಗಬೇಕು. ಮಗನ ಪೆಟ್ಟಿಗೆಗೆ ಮುಂದೆ ಅಲಂಕಾರದ ಗಾಜು. ಅದರ ಅಂಚಿನ ಬೆರಳಗಲದ ಸಂದಿನಿಂದಲೇ ಯಂತ್ರವು ಉಸಿರೆಳೆಯಬೇಕಾಗಿತ್ತು. ಗಾಜನ್ನು ತೆಗೆದು ಕಿಟಕಿಗೆ ಹಾಕುವ ಸೊಳ್ಳೆಯ ಬಲೆಯನ್ನು ಬಿಗಿದೆವು. ಚಂದ ಕೆಟ್ಟಿತೆಂದು ಮಗನು ಎರಡು ದಿನ ಮುಖ ಸೊಟ್ಟಗೆ ಮಾಡಿಕೊಂಡಿದ್ದನು.

ಇನ್ನು ಸದ್ದಿನ ಲೆಕ್ಕ. ಒಂದು ಚೆಂಡೆಯ ಪಕ್ಕದಲ್ಲಿ ಅಷ್ಟೇ ಬಲದಿಂದ ಮತ್ತೊಂದು ಚೆಂಡೆಯನ್ನು ಬಾರಿಸಿದರೆ ಸದ್ದಿನ ಅಳತೆಯು 3 ಡೆಸಿಬೆಲ್ ಮಾತ್ರ ಏರುವುದು. ಕಿವಿಗೆ ಇಮ್ಮಡಿಯೆನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಆದರೆ ಅದೇ ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿಯು ಅರ್ಧವಾದರೂ ಸದ್ದು ಸುಮಾರು 15 ಡೆಸಿಬೆಲ್ ಇಳಿಯುವುದು. ಆದುದರಿಂದ ಓಡಿ ಏದುವ ಒಂದು ಫ್ಯಾನಿಗಿಂತ ಮೆಲ್ಲನೆ ತಿರುಗುವ ಎರಡು ಮೂರು ಲೇಸು. 12 ಸೆಂಟಿಮೀಟರಿನದಕ್ಕಿಂತ 14ರದು ಲೇಸು. ಇನ್ನೊಂದು ಮಾತು: ನಿದ್ರೆಗೆ ವೈರಿಯಾದುದು ಸಮನಾದ ಸದ್ದಲ್ಲ, ಏರಿಳಿಯುವ ಸದ್ದು. ಯಂತ್ರದ ಸೆಟ್ಟಿಂಗಿನಲ್ಲಿ ಫ್ಯಾನುಗಳು ಕ್ಷಣಕ್ಷಣಕ್ಕೆ ಎಗರಾಡದಂತೆ, ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವಂತೆ ಮಾಡಬಹುದು. ಹಾಗೆ ಮಾಡಿಸಿದೆವು.

ಎಲ್ಲಕ್ಕಿಂತ ಮಿಗಿಲಾದುದು ಶಾಖವನ್ನು ಹುಟ್ಟುವ ಮೊದಲೇ ತಡೆಯುವುದು. ಮಗನ ಪರದೆಯು ಸೆಕೆಂಡಿಗೆ 60 ಚಿತ್ರಗಳನ್ನು ಮಾತ್ರ ತೋರಿಸಬಲ್ಲುದು; ಕಾರ್ಡಾದರೋ 140ನ್ನು ಬರೆಯುತ್ತ ಬೆವರುತ್ತಿತ್ತು. 60 ಎಲೆ ಹಾಕಿದ ಪಂಕ್ತಿಗೆ 140 ಜನರ ಅಡಿಗೆ! ಚಿತ್ರಗಳನ್ನು 60ಕ್ಕೆ ಮಿತಗೊಳಿಸುವ ಏರ್ಪಾಡು ಆಟದೊಳಗೇ ಇತ್ತು. ಮೇಲಾಗಿ ಕಾರ್ಡಿನ ವಿದ್ಯುತ್ ಮಿತಿಯನ್ನು 170ರಿಂದ 130 ವ್ಯಾಟಿಗೆ ಇಳಿಸಿದೆವು. ಇಂಥ ಚಿಪ್ಪುಗಳಲ್ಲಿ ವ್ಯಯವಾಗುವ ವಿದ್ಯುತ್ತು ವೋಲ್ಟೇಜಿನ ವರ್ಗವನ್ನನುಸರಿಸಿ ಏರುವುದರಿಂದ, ಕೊನೆಯ ಸ್ವಲ್ಪ ವೇಗಕ್ಕೆ ಬಹಳ ಶಾಖವನ್ನು ತೆರಬೇಕಾಗುವುದು. ಆ ಕೊನೆಯ ತುತ್ತನ್ನು ಬಿಟ್ಟುದರಿಂದ ಆಟದಲ್ಲಿ ನಷ್ಟವೇನೂ ಕಾಣಲಿಲ್ಲವೆಂದು ಮಗನೇ ಒಪ್ಪಿದನು.

ನೀರಿನಿಂದ ತಣಿಸುವ ಸಲಕರಣೆಯನ್ನು ತರಿಸೋಣವೆಂದು ಅವನಿಗೆ ಆಸೆಯಿತ್ತು. ನೀರು ಶಾಖವನ್ನು ಹೊತ್ತುಕೊಂಡು ಹೋಗುವುದೇ ಹೊರತು ನುಂಗುವುದಿಲ್ಲ. ಹೊತ್ತುದನ್ನು ಗಾಳಿಗೆ ಬಿಡಲು ಅಲ್ಲಿಯೂ ಫ್ಯಾನು ಬೇಕು, ಮೇಲೆ ಪಂಪಿನ ಗುನುಗು ಬೇರೆ. 65 ವ್ಯಾಟಿನ ಪ್ರಾಸೆಸರಿಗೆ ಅದು ದಂಡವೆಂದು ನಮ್ಮ ಅಭಿಪ್ರಾಯ. ಅದರ ಬದಲು ಪ್ರಾಸೆಸರಿಗೂ ತಣಿಸುವ ಲೋಹಕ್ಕೂ ನಡುವಿನ ಲೇಪವನ್ನು ಹೊಸದಾಗಿ ಹಚ್ಚಿದೆವು. ಹಳೆಯದು ಒಣಗಿ ಸುಣ್ಣದಂತಾಗಿತ್ತು. ಚೆನ್ನಾಗಿ ಒರೆಸಿ, ನಡುವೆ ತೊಗರಿಕಾಳಿನಷ್ಟು ಇಟ್ಟು, ಲೋಹವನ್ನು ಸಮನಾಗಿ ಬಿಗಿದರೆ ಸಾಕು; ತಾನೇ ಹರಡುವುದು. ದೋಸೆಗೆ ಬೆಣ್ಣೆ ಹಚ್ಚಿದಂತೆ ಧಾರಾಳವಾಗಿ ಬಳಿಯತಕ್ಕದ್ದಲ್ಲ.

ಇಷ್ಟಾದರೂ ಸಣ್ಣದೊಂದು ಗುಂಯ್‌ಗಾಟ ಉಳಿದಿತ್ತು. ಪೆಟ್ಟಿಗೆಯನ್ನು ಕೈಯಿಂದೆತ್ತಿದರೆ ನಿಲ್ಲುವುದು, ಮೇಜಿನ ಮೇಲಿಟ್ಟರೆ ಮೊದಲಾಗುವುದು. ಅನ್ವಯವೂ ವ್ಯತಿರೇಕವೂ ಎರಡೂ ಸಿದ್ಧಿಸಿದುದರಿಂದ ಅಪರಾಧಿಯು ಮೇಜೆಂದು ನಿಶ್ಚಯವಾಯಿತು. ಸವೆದ ಹವಾಯಿ ಚಪ್ಪಲಿಯಿಂದ ನಾಲ್ಕು ತುಂಡುಗಳನ್ನು ಕತ್ತರಿಸಿ ತೊಳೆದು ಕಾಲುಗಳಡಿಗಿಟ್ಟೆವು. ಚಪ್ಪಲಿಯನ್ನು ಮೇಜಿಗೇರಿಸಿದುದಕ್ಕೆ ಮನೆಯಾಕೆಯಿಂದ ನಾಲ್ಕು ಮಾತು ಕೇಳಬೇಕಾಯಿತು.

ನಮ್ಮ ಸೀಮೆಯವರು ಧೂಳನ್ನು ಮರೆಯಬಾರದು. ಬೇಸಗೆಯಲ್ಲಿ ಕೆಂಪುಮಣ್ಣಿನ ಧೂಳು, ಅದಕ್ಕೆ ಒಗ್ಗರಣೆಯ ಜಿಡ್ಡೂ ಊದುಬತ್ತಿಯ ಹೊಗೆಯೂ ಸೇರಿ, ತಣಿಸುವ ಲೋಹದ ಎಸಳುಗಳ ನಡುವೆ ಕಂಬಳಿಯಂತೆ ಕೂರುವುದು. ನೆಲದ ಮೇಲಿಟ್ಟ ಪೆಟ್ಟಿಗೆಗೆ ಇದು ಇಮ್ಮಡಿ. ತಿಂಗಳಿಗೊಮ್ಮೆ ಬಲೆಯನ್ನು ತೊಳೆದು ಒಣಗಿಸಿ ಹಾಕಬೇಕು. ಮೂರು ತಿಂಗಳಿಗೊಮ್ಮೆ, ಪ್ಲಗ್ಗನ್ನು ಕಿತ್ತು, ಅಂಗಳಕ್ಕೆ ತಂದು, ಮೆತ್ತನೆಯ ಕುಂಚದಿಂದಲೂ ಊದುವ ಯಂತ್ರದಿಂದಲೂ ಶುಚಿಮಾಡಬೇಕು. ಊದುವಾಗ ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಅಳತೆಮೀರಿ ತಿರುಗಿ ಕೆಡುವುವು. ವಿದ್ಯುತ್ತನ್ನು ಹಂಚುವ ಒಳಗಿನ ಮುಚ್ಚಿದ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಕೂಡದು: ಪ್ಲಗ್ಗನ್ನು ಕಿತ್ತ ಮೇಲೂ ಪ್ರಾಣಾಪಾಯಕರವಾದ ವಿದ್ಯುತ್ತು ಅದರಲ್ಲಿ ನಿಂತಿರಬಹುದು. ಮಳೆಗಾಲದಲ್ಲಿ ಯಂತ್ರವನ್ನು ದಿನಕ್ಕೊಂದು ಗಂಟೆಯಾದರೂ ನಡೆಸುವುದು ಒಳ್ಳೆಯದು. ಅದರ ಶಾಖವೇ ಒಳಗಿನ ತೇವವನ್ನು ಆರಿಸುವುದು.

ಕೋಣೆಯ ಸೆಕೆಗೆ ಮಾತ್ರ ಯಂತ್ರದೊಳಗೆ ಮದ್ದಿಲ್ಲ. ಕೋಣೆಯ ಗಾಳಿಯು ಎಷ್ಟು ಡಿಗ್ರಿ ಏರುವುದೋ ಒಳಗಿನ ಉಷ್ಣತೆಯೂ ಸುಮಾರು ಅಷ್ಟೇ ಏರುವುದು. ಬಿಸಿಲು ತಾಗುವ ಪಡುವಣ ಗೋಡೆಯಿಂದ ಮೇಜನ್ನು ಬಡಗಣ ಕಿಟಕಿಯ ಬಳಿಗೆ ಸರಿಸಿದೆವು.

ಈಗ ಆಟದ ವೇಳೆಯಲ್ಲಿ ಕಾರ್ಡಿನ ಉಷ್ಣತೆಯು 66 ಡಿಗ್ರಿಯನ್ನು ದಾಟುವುದಿಲ್ಲ. ಮಗನು ಬೆಂಗಳೂರಿನ ಮಾತೆತ್ತಿಲ್ಲ. ಮೊನ್ನೆ ರಾತ್ರಿ ಹನ್ನೊಂದರ ಸುಮಾರಿಗೆ ನೀರು ಕುಡಿಯಲೆದ್ದ ತಾಯಿಯವರು ನಮ್ಮನ್ನು ಕರೆದು, “ಮಾಣಿ ಇವತ್ತು ಬೇಗ ಮಲಗಿದನೋ? ಸದ್ದೇ ಇಲ್ಲವಲ್ಲ, ಮೈಗೆ ಹುಷಾರಿಲ್ಲವೋ ಏನೋ ನೋಡು” ಎಂದರು. ಹೋಗಿ ನೋಡಿದೆವು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಕಣ್ಣರಳಿಸಿ, ಅವನು ಯಾವುದೋ ಕೋಟೆಗೆ ಮುತ್ತಿಗೆ ಹಾಕುತ್ತಿದ್ದನು.